ಮೋಡಕ್ಕೆ ಕಳಿಸಿದ ಖಾತೆ ಪುಸ್ತಕ

ಜೂನ್ ಬಂತೆಂದರೆ ನಮ್ಮ ಅಂಗಡಿಯಲ್ಲಿ ಪುಸ್ತಕದ ಜೊತೆಗೆ ಸಲಹೆಯೂ ಮಾರಾಟವಾಗುತ್ತದೆ. ಸಲಹೆಗೆ ಬೆಲೆಯಿಲ್ಲ ಎಂಬುದೊಂದೇ ವ್ಯತ್ಯಾಸ. ದಾವಣಗೆರೆಯಲ್ಲಿ ನೋಟ್‌ಬುಕ್ಕು, ಪಠ್ಯಪುಸ್ತಕಗಳ ಸಗಟು ವ್ಯಾಪಾರ ಮಾಡುತ್ತ ತಲೆ ನೆರೆಸಿಕೊಂಡ ನನ್ನನ್ನು, ಮಕ್ಕಳನ್ನು ಕರೆದುಕೊಂಡು ಬರುವ ಹೆತ್ತವರು ಒಂದೊಂದು ಕಾಲಕ್ಕೆ ಒಂದೊಂದು ಪ್ರಶ್ನೆ ಕೇಳಿದ್ದಾರೆ. ಒಮ್ಮೆ ಟೈಪಿಂಗ್ ಕಲಿಸಲೇ ಎನ್ನುತ್ತಿದ್ದರು. ಆಮೇಲೆ ಕಂಪ್ಯೂಟರ್ ಕ್ಲಾಸಿಗೆ ಸೇರಿಸಲೇ ಎಂದರು. ಈಚೆಗೆ ಕೇಳುವುದು, "ಕ್ಲೌಡ್ ಅಂತೆ, ಅದರ ಕೋರ್ಸಿಗೆ ಹಾಕಿದರೆ ಹುಡುಗನಿಗೆ ಒಳ್ಳೆಯದಾಗುತ್ತದಾ?"

ನಾನು ಕಂಪ್ಯೂಟರ್ ಪಂಡಿತನಲ್ಲ. ಆದರೆ ಈ ಕ್ಲೌಡ್ ಎಂಬುದರ ಸಹವಾಸ ನನಗೂ ಆಗಿದೆ, ಅದೂ ಕೈ ಸುಟ್ಟುಕೊಂಡ ಮೇಲೆ. ಆ ಕಥೆಯನ್ನು ಹೇಳಿದರೆ ಆ ಪೋಷಕರ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಕ್ಕೀತೆಂದು ಇದನ್ನು ಬರೆಯುತ್ತಿದ್ದೇನೆ.

2018ರ ಮೇ ತಿಂಗಳು. ಶಾಲೆಗಳು ತೆರೆಯುವ ಹೊತ್ತು ಹತ್ತಿರ ಬಂದಿತ್ತು. ನಮ್ಮ ವ್ಯಾಪಾರವೆಂದರೆ ವರ್ಷದ ದುಡಿಮೆಯೆಲ್ಲ ಆರೇಳು ವಾರಗಳಲ್ಲಿ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಸಣ್ಣ ಅಂಗಡಿಯವರು ಮಾಲು ಒಯ್ಯುತ್ತಾರೆ, ಗಣೇಶನ ಹಬ್ಬದ ಹೊತ್ತಿಗೆ ಹಣ ಕೊಡುತ್ತಾರೆ. ಎಲ್ಲವೂ ಉದ್ರಿ ಲೆಕ್ಕ. ಆ ಲೆಕ್ಕವೆಲ್ಲ ಒಳಕೋಣೆಯ ಒಂದು ಕಂಪ್ಯೂಟರಿನಲ್ಲಿತ್ತು. ಒಂದು ರಾತ್ರಿ ಗುಡುಗು ಮಳೆ ಬಂತು, ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಯಂತ್ರ ಉಸಿರೆತ್ತಲಿಲ್ಲ. ರಿಪೇರಿಯ ಹುಡುಗ ಬಂದು ಬಿಚ್ಚಿ ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಸಾರ್" ಎಂದ.

ನಾನು ಹೆದರಲಿಲ್ಲ. ಪ್ರತಿ ರಾತ್ರಿ ಇನ್ನೊಂದು ಡಿಸ್ಕಿಗೆ ಲೆಕ್ಕದ ನಕಲು ಹೋಗುವ ವ್ಯವಸ್ಥೆ ಇತ್ತಲ್ಲ! ಅದನ್ನು ತೆರೆದಾಗ ಎದೆ ಧಸಕ್ಕೆಂದಿತು. ಕೊನೆಯ ನಕಲು ಹದಿನಾಲ್ಕು ತಿಂಗಳ ಹಿಂದಿನದು. ಡಿಸ್ಕು ತುಂಬಿಹೋಗಿ ನಕಲು ಮಾಡುವುದು ನಿಂತೇಹೋಗಿತ್ತು. ಅದರ ಮೇಲಿನ ನೀಲಿ ದೀಪ ಮಾತ್ರ ದಿನವೂ ಉರಿಯುತ್ತಿತ್ತು. ನಾನು ದೀಪವನ್ನು ನೋಡಿ ನಂಬಿದ್ದೆ.

ನಮ್ಮನ್ನು ಅಷ್ಟಾದರೂ ಉಳಿಸಿದವರು ನಮ್ಮ ಹಳೆಯ ಗುಮಾಸ್ತರು. 2009ರಲ್ಲಿ ಕಂಪ್ಯೂಟರ್ ಬಂದ ಮೇಲೂ ಅವರು ಕೈಬರಹದ ಕಿರ್ದಿಯನ್ನು ಬಿಟ್ಟಿರಲಿಲ್ಲ. "ಇನ್ನೂ ಯಾವ ಕಾಲದಲ್ಲಿದ್ದೀರಿ?" ಎಂದು ನಾನು ಎಷ್ಟೋ ಸಲ ನಕ್ಕಿದ್ದುಂಟು. ಆ ಕಿರ್ದಿಯನ್ನು ಹಿಡಿದು ಎರಡು ತಿಂಗಳು ರಾತ್ರಿ ಕುಳಿತು ಲೆಕ್ಕ ಕಟ್ಟಿದೆವು. ಆದರೆ ಅದರಲ್ಲಿ ದಿನದ ಮೊತ್ತಗಳಿದ್ದವು, ಎಲ್ಲ ವಿವರಗಳಿರಲಿಲ್ಲ. ಜಗಳೂರಿನ ಕಡೆಯ ಒಬ್ಬ ಅಂಗಡಿಯವರು ಸುದ್ದಿ ಕೇಳಿ, ತಮ್ಮ ಬಿಲ್ಲುಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಂದು, "ನಾನು ಕೊಡಬೇಕಾದದ್ದು ಇಷ್ಟು, ಬರಕೊಳ್ಳಿ" ಎಂದರು. ಇನ್ನು ಕೆಲವರು "ನಿಮ್ಮ ಲೆಕ್ಕ ತೋರಿಸಿ, ಕೊಡ್ತೀವಿ" ಎಂದರು. ತೋರಿಸಲು ಲೆಕ್ಕವೆಲ್ಲಿತ್ತು? ಕಡೆಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಕೈಬಿಟ್ಟಿತು. ದುಡ್ಡಿಗಿಂತ ಹೆಚ್ಚಾಗಿ, ಮೂವತ್ತು ವರ್ಷದ ಗಿರಾಕಿಗಳೊಡನೆ ಮುಖ ಕೆಡಿಸಿಕೊಂಡದ್ದು ನೋವಾಯಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲೇ ಪರಿಹಾರ ಹೇಳಿದ: "ಮಾವಾ, ಎಲ್ಲಾ ಕ್ಲೌಡಿಗೆ ಹಾಕಿಬಿಡೋಣ. ಎರಡು ದಿನದ ಕೆಲಸ." ನಾನೂ ತಲೆಯಾಡಿಸಿದೆ. ಅಡ್ಡ ಬಂದವಳು ಮಗಳು. ಆಗ ಅವಳು ಹುಬ್ಬಳ್ಳಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಳು, ದಸರಾ ರಜೆಗೆ ಬಂದಿದ್ದಳು. ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ಯಾಕೆ ಹೋಗಬೇಕು ಅಂತ ಒಂದೇ ವಾಕ್ಯದಲ್ಲಿ ಬರೀರಿ ನೋಡೋಣ."

ಇಷ್ಟೇ ತಾನೇ ಎಂದುಕೊಂಡು ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಬರೆದೆ: "ಈಗ ಎಲ್ಲರೂ ಹೋಗುತ್ತಿದ್ದಾರೆ." ಅವಳು ಗೀಟು ಎಳೆದಳು. "ಖರ್ಚು ಕಡಿಮೆ" ಎಂದು ಬರೆದೆ. "ಲೆಕ್ಕ ಹಾಕಿ ತೋರಿಸಿ" ಎಂದಳು. ಹಾಕಿದೆವು. ಸ್ವಂತ ಯಂತ್ರಕ್ಕೆ, ಅದರ ಬೆಲೆಯನ್ನು ಐದು ವರ್ಷಕ್ಕೆ ಹಂಚಿ, ಬ್ಯಾಟರಿ, ದುರಸ್ತಿ, ವಿದ್ಯುತ್ತು ಸೇರಿಸಿದರೆ ವರ್ಷಕ್ಕೆ ಸುಮಾರು 35 ಸಾವಿರ. ಬಾಡಿಗೆಯ ಯಂತ್ರಕ್ಕೆ ಸುಮಾರು 48 ಸಾವಿರ. ಕಡಿಮೆಯೆಲ್ಲಿ ಬಂತು? ಆ ಸಾಲಿಗೂ ಗೀಟು ಬಿತ್ತು. ಮೂರು ದಿನ ಯೋಚಿಸಿದ ಮೇಲೆ ಬರೆದದ್ದು ಹೀಗಿತ್ತು: "ಒಂದು ಯಂತ್ರ ಕೆಟ್ಟರೆ ಒಂದು ದಿನಕ್ಕಿಂತ ಹೆಚ್ಚಿನ ಲೆಕ್ಕ ಕಳೆಯಬಾರದು, ಮೇ-ಜೂನಿನಲ್ಲಿ ಆರು ಜನ ಒಟ್ಟಿಗೆ ಉದ್ರಿ ಲೆಕ್ಕ ನೋಡುವಂತಾಗಬೇಕು." ಅವಳು ಅದರ ಕೆಳಗೆ ಗೀಟೆಳೆಯಲಿಲ್ಲ. ವ್ಯಾಪಾರದ ಕಾರ್ಯತಂತ್ರ ಎಂಬ ದೊಡ್ಡ ಮಾತಿನ ಒಳಗಿರುವುದು ಇಂಥದೊಂದು ಸಣ್ಣ ವಾಕ್ಯ ಎಂದು ನನಗೆ ತಿಳಿದದ್ದು ಅಂದು.

ಮೋಡವೆಂದರೇನು?

ಇಲ್ಲಿ ತುಸು ನಿಂತು, ಈ ಮೋಡ ಎಂದರೇನೆಂದು ಹೇಳಿಬಿಡುವುದು ಒಳ್ಳೆಯದು. ನಮ್ಮ ನಾಡಿನದೇ ಉದಾಹರಣೆಯುಂಟು. ಕೋಲಾರದ ಚಿನ್ನದ ಗಣಿಗಳು ಮೊದಲು ತಮ್ಮದೇ ಉಗಿಯಂತ್ರಗಳಿಂದ ನಡೆಯುತ್ತಿದ್ದವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಗಣಿಗೆ ಬಂತು. ಶಕ್ತಿಯನ್ನು ಗಣಿಯ ಅಂಗಳದಲ್ಲೇ ಹುಟ್ಟಿಸಬೇಕಾದ ಅಗತ್ಯ ಕಡಿಮೆಯಾಯಿತು. ಗಣಕಶಕ್ತಿಯೂ ಹೀಗೇ ಟೆಲಿಫೋನಿನಂತೆ ಸಾರ್ವಜನಿಕ ಸೇವೆಯಾಗಿ ಒದಗಬಹುದೆಂದು ಅಮೆರಿಕದ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ 1961ರಲ್ಲೇ ಹೇಳಿದ್ದರು. ಅಮೆಜಾನ್ ಕಂಪನಿ 2006ರ ಮಾರ್ಚ್‌ನಲ್ಲಿ ಮಾಹಿತಿ ಇಡುವ ಜಾಗವನ್ನೂ ಅದೇ ವರ್ಷ ಆಗಸ್ಟ್‌ನಲ್ಲಿ ಯಂತ್ರಶಕ್ತಿಯನ್ನೂ ಬಾಡಿಗೆಗೆ ಕೊಡಲು ಶುರು ಮಾಡಿತು. 2016ರಲ್ಲಿ ಅದರ ಕೇಂದ್ರ ಮುಂಬಯಿಗೂ ಬಂತು.

ಅಮೆರಿಕದ ಮಾನಕ ಸಂಸ್ಥೆ 2011ರಲ್ಲಿ ಕ್ಲೌಡ್‌ಗೆ ಐದು ಲಕ್ಷಣಗಳನ್ನು ಗುರುತಿಸಿತು. ಬೇಕಾದಾಗ ಯಾರನ್ನೂ ಕೇಳದೆ ನಾವೇ ಪಡೆಯುವಂತಿರಬೇಕು. ಜಾಲದ ಮೂಲಕ ಎಲ್ಲಿಂದಲಾದರೂ ಸಿಗಬೇಕು. ಒಂದೇ ಯಂತ್ರಸಮೂಹ ಹಲವರಿಗೆ ಹಂಚಿಕೆಯಾಗಬೇಕು. ಬೇಡಿಕೆಗೆ ತಕ್ಕಂತೆ ಬೇಗ ಹಿಗ್ಗಿ ಕುಗ್ಗಬೇಕು. ಬಳಸಿದ್ದಕ್ಕೆ ಮೀಟರಿನಂತೆ ಅಳತೆಯಿರಬೇಕು. ಪರೀಕ್ಷೆಯ ಫಲಿತಾಂಶದ ದಿನವನ್ನು ನೆನೆಸಿಕೊಳ್ಳಿ. ವರ್ಷದಲ್ಲಿ ಒಂದು ಬೆಳಿಗ್ಗೆ ಲಕ್ಷಾಂತರ ಮಕ್ಕಳು ಏಕಕಾಲಕ್ಕೆ ತಮ್ಮ ನಂಬರು ಹುಡುಕುತ್ತಾರೆ, ಮರುವಾರ ಆ ಕಡೆ ತಿರುಗಿ ನೋಡುವವರಿಲ್ಲ. ಆ ಒಂದು ಬೆಳಿಗ್ಗೆಗಾಗಿ ವರ್ಷವಿಡೀ ದೊಡ್ಡ ಯಂತ್ರಗಳನ್ನು ಸಾಕುವುದಕ್ಕಿಂತ ಆ ದಿನಕ್ಕೆ ಬಾಡಿಗೆಗೆ ತರುವುದು ಜಾಣತನ. ನಮ್ಮ ಮೇ-ಜೂನಿನ ವ್ಯಾಪಾರವೂ ಅಂಥದೇ. ಮದುವೆಗೆಂದು ಯಾರಾದರೂ ಐನೂರು ಕುರ್ಚಿ ಕೊಂಡು ಮನೆಯಲ್ಲಿಡುತ್ತಾರೆಯೇ?

ಯಾವುದು ಹೋಗಬೇಕು, ಯಾವುದು ಉಳಿಯಬೇಕು

ಮಗಳ ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. "ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಏನೇನು ಕೆಲಸ ಮಾಡುತ್ತೆ?" ಒಂಬತ್ತು ವರ್ಷ ಬಳಸಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಗುಮಾಸ್ತರನ್ನೂ ಹುಡುಗರನ್ನೂ ಕೂರಿಸಿಕೊಂಡು ಪಟ್ಟಿ ಮಾಡಿದಾಗ ನಾಲ್ಕು ಗುಂಪುಗಳಾದವು.

ಉದ್ರಿ ಲೆಕ್ಕದ ತಂತ್ರಾಂಶವನ್ನು ಇದ್ದದ್ದು ಇದ್ದ ಹಾಗೆ ಬಾಡಿಗೆಯ ಯಂತ್ರಕ್ಕೆ ಸಾಗಿಸುವುದೆಂದಾಯಿತು. ದಾಸ್ತಾನು ಮತ್ತು ಆರ್ಡರಿಗೆ ಯಾರೋ ಬರೆದುಕೊಟ್ಟಿದ್ದ ಹಳೆಯ ಪ್ರೋಗ್ರಾಮನ್ನು ಕೈಬಿಟ್ಟು, ತಿಂಗಳ ಚಂದಾ ಕೊಟ್ಟು ಬಳಸುವ ಸಿದ್ಧ ಸೇವೆಯನ್ನು ಹಿಡಿದೆವು. ಕೌಂಟರಿನ ಬಿಲ್ಲು ಮಾಡುವ ಕೆಲಸ ಅಂಗಡಿಯಲ್ಲೇ ಉಳಿಯಬೇಕೆಂದು ಗುಮಾಸ್ತರು ಹಟ ಹಿಡಿದರು. "ಜೂನ್ ಒಂದನೇ ತಾರೀಖು ನೆಟ್ ಹೋದ್ರೆ ಬಾಗಿಲು ಹಾಕ್ತೀರಾ?" ಎಂಬ ಅವರ ಪ್ರಶ್ನೆಗೆ ಬೆಂಗಳೂರಿನ ಅಳಿಯನ ಬಳಿಯೂ ಉತ್ತರವಿರಲಿಲ್ಲ. ದಿನದ ಬಿಲ್ಲುಗಳನ್ನು ಸಂಜೆ ಮೇಲಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ನಾಲ್ಕನೆಯದು ಹಳೆಯ ಧಾರಣೆ ಪಟ್ಟಿಗಳು, ಎಂದೋ ಮುಚ್ಚಿದ ಖಾತೆಗಳು. ಕಾನೂನಿಗೆ ಬೇಕಾದದ್ದನ್ನು ಒಂದು ಡಿಸ್ಕಿಗೆ ಹಾಕಿ ಬೀರುವಿನಲ್ಲಿಟ್ಟು ಮಿಕ್ಕದ್ದನ್ನು ಅಳಿಸಿದೆವು. ಮನೆ ಬದಲಿಸುವಾಗ ಒಡೆದ ಕೊಡವನ್ನೂ ಲಾರಿಗೆ ಹೇರಿ, ಹೊಸ ಮನೆಯಲ್ಲಿ ಅದಕ್ಕೂ ಬಾಡಿಗೆ ಕಟ್ಟುವವರುಂಟೇ?

ಸಾಗಿಸು, ಬದಲಿಸು, ಉಳಿಸು, ಬಿಡು ಎಂಬ ಈ ನಾಲ್ಕಲ್ಲದೆ, ಮೊದಲಿನಿಂದ ಹೊಸದಾಗಿ ಕಟ್ಟು ಎಂಬ ಇನ್ನೊಂದು ದಾರಿಯುಂಟು. ಅದು ದೊಡ್ಡವರ ದಾರಿ. ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿಯ ಕಥೆಯನ್ನು ಮಗಳೇ ಓದಿ ಹೇಳಿದಳು. 2008ರ ಆಗಸ್ಟ್‌ನಲ್ಲಿ ಅವರ ಮಾಹಿತಿಕೋಶ ಕೆಟ್ಟು, ಗಿರಾಕಿಗಳಿಗೆ ಅಂಚೆಯಲ್ಲಿ ಸಿನಿಮಾ ಡಿವಿಡಿ ಕಳಿಸುವುದೇ ಮೂರು ದಿನ ನಿಂತುಹೋಗಿತ್ತಂತೆ. ಅಷ್ಟು ದೊಡ್ಡವರಿಗೂ ನಮಗಾದದ್ದೇ ಆಗಿತ್ತೆಂದು ಕೇಳಿ ಸ್ವಲ್ಪ ಸಮಾಧಾನವಾಯಿತು! ಅವರು ಕ್ಲೌಡ್‌ಗೆ ಹೊರಟರು. ಆದರೆ ಹಳೆಯದನ್ನು ಎತ್ತಿ ಹಾಗೆಯೇ ಅಲ್ಲಿಡದೆ, ತಮ್ಮ ವ್ಯವಸ್ಥೆಯನ್ನು ತುಂಡು ತುಂಡಾಗಿ ಹೊಸದಾಗಿ ಕಟ್ಟಿದರು. ಕೆಲಸ ಮುಗಿದದ್ದು 2016ರ ಜನವರಿಯಲ್ಲಿ, ಏಳು ವರ್ಷಕ್ಕೂ ಮಿಕ್ಕಿ. ಕಡೆಯಲ್ಲಿ ಸಾಗಿದ್ದರಲ್ಲಿ ಹಣ ವಸೂಲಿಯ ಲೆಕ್ಕವೂ ಒಂದು. ಎಡವಿದರೆ ಹೆಚ್ಚು ಪೆಟ್ಟಾಗುವುದನ್ನು ಕಡೆಗಿಟ್ಟುಕೊಂಡರು.

ಇದಕ್ಕೆ ವಿರುದ್ಧವಾದದ್ದೂ ಇದೆ. ಗಿರಾಕಿಗಳ ಕಡತಗಳನ್ನು ಇಟ್ಟುಕೊಳ್ಳುವ ಡ್ರಾಪ್‌ಬಾಕ್ಸ್ ಕಂಪನಿ ಕ್ಲೌಡ್ ಬಾಡಿಗೆಯಲ್ಲೇ ಬೆಳೆದು, ಆಮೇಲೆ ತನ್ನ ಬಳಕೆದಾರರ ಮಾಹಿತಿಯಲ್ಲಿ ಶೇ. 90ಕ್ಕಿಂತ ಹೆಚ್ಚಿನದನ್ನು ಸ್ವಂತ ಯಂತ್ರಗಳಿಗೆ ಸಾಗಿಸಿಕೊಂಡಿತು; ಅದನ್ನು 2016ರಲ್ಲಿ ಪ್ರಕಟಿಸಿತು. ಮಾಹಿತಿ ಇಡುವುದೇ ಅವರ ಕಸುಬು, ವರ್ಷವಿಡೀ ಒಂದೇ ಸಮನೆ ಬೇಡಿಕೆ. ಅಂಥವರಿಗೆ ಸ್ವಂತ ಮನೆಯೇ ಮೇಲು. ಇಬ್ಬರ ನಿರ್ಧಾರವೂ ಸರಿ, ಏಕೆಂದರೆ ಇಬ್ಬರೂ ತಮ್ಮ ಕಸುಬನ್ನು ಅರಿತಿದ್ದರು. ಪಕ್ಕದ ಅಂಗಡಿಯವನು ಹೋದನೆಂದು ನಾನೂ ಹೋಗುವುದು ತಂತ್ರವಲ್ಲ, ಜಾತ್ರೆ.

ಬೀಗದ ಕೈ ಯಾರ ಬಳಿ?

ಅಳಿಯ ಖಾತೆ ತೆರೆದ. ತನ್ನ ಇ-ಮೇಲ್, ತನ್ನ ಮೊಬೈಲ್ ನಂಬರು ಕೊಟ್ಟ. ಅವನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ, ಮಾವನಿಗೆ ತೊಂದರೆ ಬೇಡವೆಂದು ಮಾಡಿದ್ದು. ಮಗಳು ಕೇಳಿದಳು: "ಅಂಗಡಿ ದಾವಣಗೆರೇಲಿ, ಬೀಗದ ಕೈ ಬೆಂಗಳೂರಲ್ಲಾ ಅಪ್ಪಾ?" ಖಾತೆಯನ್ನು ಅಂಗಡಿಯ ಹೆಸರಿಗೇ ಮಾಡಿಸಿದೆವು. ಗುಪ್ತಪದ ಬರೆದ ಚೀಟಿ ಒಂದು ಲಕೋಟೆಯಲ್ಲಿ ಬ್ಯಾಂಕಿನ ಲಾಕರು ಸೇರಿತು. ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು ಎಂದು ಬರೆದಿಟ್ಟೆವು. ನಾಳೆ ಬಾಡಿಗೆ ಏರಿಸಿದರೆ ನಮ್ಮ ಲೆಕ್ಕವನ್ನು ಯಾವ ರೂಪದಲ್ಲಿ ವಾಪಸು ತರಬಹುದು ಎಂಬುದನ್ನು ಒಳಗೆ ಹೋಗುವ ಮೊದಲೇ ವಿಚಾರಿಸಿದೆವು. ಹೊರಬರುವ ಬಾಗಿಲನ್ನು ನೋಡಿಕೊಳ್ಳದೆ ಒಳಗೆ ಕಾಲಿಡಬಾರದು.

ಕ್ಲೌಡ್‌ಗೆ ಹಾಕಿದರೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಬಹಳ ಜನರಲ್ಲಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಮಾಹಿತಿ ಕೇಂದ್ರದ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬೇರೆ ಊರಲ್ಲಿ ನಕಲು ಇಟ್ಟುಕೊಂಡಿದ್ದವರು ಚೇತರಿಸಿಕೊಂಡರು, ಇಡದವರಲ್ಲಿ ಹಲವರು ತಮ್ಮ ಮಾಹಿತಿಯನ್ನು ಕಳೆದುಕೊಂಡರು. ಮೋಡವೆಂದರೂ ಅದು ನೆಲದ ಮೇಲಿನ ಕಟ್ಟಡವೇ, ಅದಕ್ಕೂ ಬೆಂಕಿ ಹತ್ತುತ್ತದೆ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೂ ಹೇಳುವುದು ಅದನ್ನೇ: ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ, ಜನರ ಮಾಹಿತಿಯನ್ನು ಪಡೆದುಕೊಂಡವನೇ ಅದಕ್ಕೆ ಹೊಣೆ. ಯಂತ್ರವನ್ನು ಬಾಡಿಗೆಗೆ ತರಬಹುದು, ಜವಾಬ್ದಾರಿಯನ್ನು ಬಾಡಿಗೆಗೆ ಕೊಡಲಾಗದು.

ಗುಮಾಸ್ತರ ಪ್ರಶ್ನೆ

ಇಷ್ಟೆಲ್ಲ ಪಟ್ಟಿಗಳ ನಡುವೆ ಒಂದನ್ನು ನಾವು ಮರೆತಿದ್ದೆವು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಗುಮಾಸ್ತರು ಟೋಪಿ ಕೈಯಲ್ಲಿ ಹಿಡಿದು ನಿಂತರು. "ಸಾವ್ಕಾರ್ರೇ, ಲೆಕ್ಕ ಮ್ಯಾಲೆ ಹೋದ್ರೆ ನಾನು ಮನಿಗೆ ಹೋಗಬೇಕೇನು?" ಎಂದರು. ನನಗೆ ಮಾತು ಹೊರಡಲಿಲ್ಲ. ನಮ್ಮ ಅಂಗಡಿಯನ್ನು ಮುಳುಗದಂತೆ ಹಿಡಿದದ್ದು ಅವರ ಕಿರ್ದಿ. ಎಲ್ಲ ಚರ್ಚೆಗೂ ಅವರನ್ನು ಕರೆದಿದ್ದೆ, ನಾಳೆ ನಿಮ್ಮ ಕೆಲಸ ಏನು ಎಂದು ಮಾತ್ರ ಹೇಳಿರಲಿಲ್ಲ.

ಮಗಳು ಅದಕ್ಕೂ ದಾರಿ ತೋರಿಸಿದಳು. 2019ರ ಜನವರಿಯಿಂದ ಮಾರ್ಚ್‌ವರೆಗೆ ಹಳೆಯದು, ಹೊಸದು ಎರಡೂ ಲೆಕ್ಕ ಜೊತೆಜೊತೆಯಾಗಿ ನಡೆಯಲಿ, ಎರಡನ್ನೂ ತಾಳೆ ನೋಡುವ ಅಧಿಕಾರ ಗುಮಾಸ್ತರದು, ಅವರು ಸರಿ ಎನ್ನುವವರೆಗೆ ಹಳೆಯದನ್ನು ನಿಲ್ಲಿಸುವ ಹಾಗಿಲ್ಲ ಎಂದಳು. ಮೊದಲ ವಾರದಲ್ಲೇ ಅವರು ಹನ್ನೊಂದು ಖಾತೆಗಳ ಮೇಲೆ ಬೆರಳಿಟ್ಟರು. ಸಾಗಿಸುವಾಗ ಆರಂಭಿಕ ಶಿಲ್ಕು ತಿರುವುಮುರುವಾಗಿ, ನಮಗೆ ಬರಬೇಕಾದದ್ದು ನಾವು ಕೊಡಬೇಕಾದದ್ದಾಗಿತ್ತು. ಯಂತ್ರಕ್ಕೆ ಅದು ತಪ್ಪೆನಿಸಲಿಲ್ಲ. ಆ ಗಿರಾಕಿಗಳ ಮುಖ ಪರಿಚಯವಿದ್ದವರಿಗೆ ಎನಿಸಿತು.

ಆಮೇಲೆ ತಾಲೀಮು. ಒಂದು ಭಾನುವಾರ, ಎಲ್ಲ ಹೋಯಿತೆಂದೇ ಭಾವಿಸಿ, ನಕಲಿನಿಂದ ಲೆಕ್ಕವನ್ನು ಮತ್ತೆ ಎಬ್ಬಿಸುವ ಪ್ರಯತ್ನ ಮಾಡಿದೆವು. ಬೆಳಿಗ್ಗೆ ಹತ್ತಕ್ಕೆ ಕೂತವರು ಸಂಜೆಯಾದರೂ ಏಳಲಿಲ್ಲ, ಲೆಕ್ಕವೂ ಏಳಲಿಲ್ಲ. ನಕಲು ಇತ್ತು, ಅದನ್ನು ತೆರೆಯುವ ಗುಪ್ತಪದ ಯಾರಿಗೂ ನೆನಪಿರಲಿಲ್ಲ. ಮರುತಿಂಗಳು ಎರಡು ಗಂಟೆಯಲ್ಲಿ ಎಬ್ಬಿಸಿದೆವು. ಅಂದಿನಿಂದ ತಿಂಗಳ ಮೊದಲ ಭಾನುವಾರ ಈ ತಾಲೀಮು ನಮ್ಮಲ್ಲಿ ಅಮಾವಾಸ್ಯೆ ಪೂಜೆಯಂತೆ ಕಡ್ಡಾಯ. ನಕಲು ಮಾಡುವುದಲ್ಲ, ನಕಲಿನಿಂದ ಮರಳಿ ಪಡೆಯುವುದು ಮುಖ್ಯ ಎಂಬುದನ್ನು ಕಲಿಯಲು ನಾನು ಒಂದೂವರೆ ಲಕ್ಷ ಶುಲ್ಕ ಕಟ್ಟಿದ್ದೇನೆ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಶಾಲೆಯಿಲ್ಲ, ಪುಸ್ತಕ ಕೇಳುವವರಿಲ್ಲ. ಆದರೂ ಗುಮಾಸ್ತರು ತಮ್ಮ ಮನೆಯಲ್ಲಿ, ಮೊಮ್ಮಗನ ಪಕ್ಕ ಕೂತು, ಯಾರಿಂದ ಎಷ್ಟು ಬರಬೇಕೆಂದು ನೋಡಿ ಫೋನು ಮಾಡಿದರು. ಕಷ್ಟದಲ್ಲಿದ್ದವರಿಗೆ ಗಡುವು ಕೊಟ್ಟರು. ಆರು ಜನರ ಬದಲು ಇಬ್ಬರಿಗೆ ಸಾಕೆಂದು ಬಾಡಿಗೆಯ ಯಂತ್ರವನ್ನು ಚಿಕ್ಕದು ಮಾಡಿಸಿದೆವು, ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಕೊಂಡ ಯಂತ್ರವಾಗಿದ್ದರೆ ಹೀಗೆ ಕುಗ್ಗುತ್ತಿತ್ತೇ?

ಎಲ್ಲ ಜಾಣತನವೇ ಆಯಿತೆಂದು ಓದುಗರು ತಿಳಿಯಬಾರದು. 2021ರಲ್ಲಿ ಏನನ್ನೋ ಪರೀಕ್ಷಿಸಲೆಂದು ಇನ್ನೊಂದು ಯಂತ್ರ ಬಾಡಿಗೆಗೆ ಪಡೆದು, ಆರಿಸುವುದನ್ನು ಮರೆತೆವು. ನಾಲ್ಕು ತಿಂಗಳು ಅದು ಯಾರಿಗೂ ಬೇಡವಾಗಿ ಓಡುತ್ತಿತ್ತು, ಮೀಟರೂ ಓಡುತ್ತಿತ್ತು. ತೋಟದ ಪಂಪು ಆರಿಸದೆ ಊರಿಗೆ ಹೋದ ಹಾಗೆ. ಈಗ ಖರ್ಚು ಇಂತಿಷ್ಟು ದಾಟಿದರೆ ನನಗೂ ಗುಮಾಸ್ತರ ಜಾಗಕ್ಕೆ ಬಂದಿರುವ ಹುಡುಗಿಗೂ ಸಂದೇಶ ಬರುವಂತೆ ಮಾಡಿದ್ದೇವೆ.

ಹೌದು, ಗುಮಾಸ್ತರು 2022ರಲ್ಲಿ ತಾವಾಗಿಯೇ ನಿವೃತ್ತರಾದರು. ಹೋಗುವಾಗ ಆ ಹುಡುಗಿಗೆ ಒಂದು ಖಾಲಿ ಕಿರ್ದಿ ಪುಸ್ತಕ ಕೊಟ್ಟು ಹೋದರು. ಅವಳು ಅದರಲ್ಲಿ ದಿನದ ಮೊತ್ತ ಬರೆಯುತ್ತಾಳೆ. ನಾನೀಗ ನಗುವುದಿಲ್ಲ.

ಆದ್ದರಿಂದ ಹೆತ್ತವರು ಬಂದು ಕೇಳಿದಾಗ ನಾನು ಹೇಳುವುದಿಷ್ಟು. ಕೋರ್ಸಿಗೆ ಸೇರಿಸಿ, ತಪ್ಪಿಲ್ಲ. ಗುಂಡಿ ಎಲ್ಲಿ ಒತ್ತಬೇಕೆಂದು ಅಲ್ಲಿ ಕಲಿಸುತ್ತಾರೆ. ಆ ಗುಂಡಿಗಳು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಆದರೆ ಯಾಕೆ ಹೋಗಬೇಕು, ಏನು ಉಳಿಯಬೇಕು, ಹೇಗೆ ಮರಳಬೇಕು, ಬೀಗದ ಕೈ ಯಾರದು, ಇದರಿಂದ ಯಾರ ಅನ್ನಕ್ಕೆ ತೊಂದರೆ ಎಂದು ಕೇಳುವ ಅಭ್ಯಾಸ ಬದಲಾಗುವುದಿಲ್ಲ. ಅದನ್ನು ಇಂಜಿನಿಯರಿಂಗ್ ಓದುವ ಮಗುವೂ ಕಲಿಯಬಹುದು, ಬಿ.ಕಾಂ. ಓದುವ ಮಗುವೂ ಕಲಿಯಬಹುದು. ರಜೆಯಲ್ಲಿ ಮನೆಯ ಅಂಗಡಿಯಲ್ಲೋ ಸಹಕಾರಿ ಸಂಘದಲ್ಲೋ ಅವರನ್ನು ಒಂದು ವಾರ ಕೂರಿಸಿ, ಇಲ್ಲಿನ ಲೆಕ್ಕ ಇವತ್ತು ರಾತ್ರಿ ಕಳೆದುಹೋದರೆ ನಾಳೆ ಏನಾಗುತ್ತದೆಂದು ಬರೆಯಿಸಿ. ಮೊದಲ ಪಾಠ ಅಲ್ಲಿಂದಲೇ ಆಗಲಿ.

ಮಗಳು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ಫೋನಿನಲ್ಲಿ ಊಟ, ಆರೋಗ್ಯ ಎಲ್ಲ ವಿಚಾರಿಸಿ ಕಡೆಗೆ ಕೇಳಿದಳು: "ಅಪ್ಪಾ, ಈ ಭಾನುವಾರದ ತಾಲೀಮು ಆಯ್ತಾ?" ಆಗಿರಲಿಲ್ಲ. ಮದುವೆಯೊಂದಕ್ಕೆ ಹೋಗಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲು ಹೋಗಿ ಕೂತು ಮುಗಿಸಿದೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅವಳಿಗೆ ಫೋನು ಮಾಡಿ ಹೇಳಿದೆ.